ಕಿರೀಟದ ತಯಾರಿ, ಆರನೇ ವಾರ: ಫೋಟೊ ತಕರಾರು

ಸೌಂದರ್ಯ ಸ್ಪರ್ಧೆಗೆ ಅರ್ಜಿ ಹಾಕಿ ಆರು ವಾರ ಆಯ್ತು. ಮೊದಲ ಸುತ್ತು ದಾಟಿದ್ದೇನೆ. ಅಂತಿಮ ಸುತ್ತಿಗೆ ಇನ್ನು ಐದು ವಾರ. ತರಗತಿಯಲ್ಲಿ ಸುದ್ದಿ ಹೇಗೋ ಸೋರಿದೆ. "ನೀವು ಆಗ್ಲೇ ಮಿಸ್ ಅಲ್ವಾ ಮಿಸ್? ಮತ್ಯಾಕೆ ಸ್ಪರ್ಧೆ?" ಅಂತ ಎರಡನೇ ಬೆಂಚಿನ ಹುಡುಗ ಕೇಳಿದ. ಸುಮ್ನೆ ಹಾಜರಿ ಪುಸ್ತಕ ತೆಗೆದೆ.

ನಡಿಗೆಯ ವಿಷಯ ಬೇಗ ಮುಗಿಸುತ್ತೇನೆ. ಹೈ ಹೀಲ್ಸ್ ಹಾಕಿಕೊಂಡು ದಿನಾ ಇಪ್ಪತ್ತು ನಿಮಿಷ. ಮೊದಲ ವಾರ ಗೋಡೆ ಹಿಡಿದು, ಈಗ ಹಿಡಿಯದೆ. ತಿರುಗುವಾಗ ಇನ್ನೂ ವಾಲುತ್ತೇನೆ.

ಜಾಸ್ತಿ ಕಾಡಿದ್ದು ಪರಿಚಯದ ಮಾತು. ಹೆಸರು, ಕೆಲಸ, ಯಾವ ವಿಷಯಕ್ಕಾಗಿ ನಿಂತಿದ್ದೇನೆ ಅನ್ನುವುದು, ಎಲ್ಲವೂ 30 ಸೆಕೆಂಡಿನಲ್ಲಿ ಮುಗಿಯಬೇಕು. ನನ್ನದೋ ಮುಕ್ಕಾಲು ಗಂಟೆಯ ಪಾಠಕ್ಕೆ ಒಗ್ಗಿದ ಬಾಯಿ. ಮೊದಲ ಕರಡು ಎರಡು ನಿಮಿಷ ದಾಟಿತು. ಮಕ್ಕಳು ಹೂವು, ದೀಪ, ಭವಿಷ್ಯ ಅನ್ನುವ ಸಾಲುಗಳನ್ನೆಲ್ಲ ಹೊಡೆದು ಹಾಕಿದೆ. ಶನಿವಾರ ಏನು ಮಾಡುತ್ತೇವೆ ಅನ್ನುವುದಷ್ಟೇ ಉಳಿಯಿತು. ಈಗ 34 ಸೆಕೆಂಡು.

ಶನಿವಾರ ಮಾಡುವುದು ಓದಿನ ಗಂಟೆ. ಮೂವರು ಸ್ವಯಂಸೇವಕರು, ಹದಿನಾಲ್ಕು ಮಕ್ಕಳು. ಮೊದಮೊದಲು ನಾನೇ ಗಟ್ಟಿಯಾಗಿ ಓದುತ್ತಿದ್ದೆ, ಅವರು ಆಕಳಿಸುತ್ತಿದ್ದರು. ಆಮೇಲೆ ದಾರಿ ಬದಲಿಸಿದೆ. 1988ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಚಿತ್ರಪುಸ್ತಕ ಓದುವಾಗ ಅಪ್ಪ ಅಮ್ಮ ಹೌದು-ಅಲ್ಲ ಅನ್ನಿಸುವ ಪ್ರಶ್ನೆ ಬಿಟ್ಟು, ಮಗುವೇ ಬಾಯಿ ಬಿಡುವಂಥ ಪ್ರಶ್ನೆ ಕೇಳಬೇಕಿತ್ತು. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು ಬೆಳೆದಿತ್ತು. ನನ್ನ ಮಕ್ಕಳು ಅವರಿಗಿಂತ ದೊಡ್ಡವರು. ಆದರೂ "ಇವನು ಯಾಕೆ ಓಡಿಹೋದ?" ಅಂತ ಕೇಳಿ ಸುಮ್ಮನಾದರೆ ಸಾಕು, ಜಗಳವೇ ಶುರು. ಒಂದು ಪುಟಕ್ಕೆ ಹತ್ತು ನಿಮಿಷ ಹೋಗುತ್ತದೆ. ಹೋಗಲಿ ಬಿಡಿ.

ಸ್ಟಾಫ್ ರೂಮಿನಲ್ಲಿ ಒಬ್ಬರು, "ಓದಿಸೋಕೆ ಕಿರೀಟ ಯಾಕೆ? ಅದು ಬಿಕಿನಿ ಸ್ಪರ್ಧೆ ಅಲ್ವಾ?" ಅಂದರು. ಅವರ ಮಾತು ಪೂರ್ತಿ ತಪ್ಪಲ್ಲ. 1951ರಲ್ಲಿ ಲಂಡನ್ನಿನಲ್ಲಿ ಮಿಸ್ ವರ್ಲ್ಡ್ ಹುಟ್ಟಿದ್ದೇ ಬಿಕಿನಿ ಸ್ಪರ್ಧೆಯಾಗಿ. ಸಮಾಜಸೇವೆಗಾಗಿ ಅದರಲ್ಲಿ 'ಬ್ಯೂಟಿ ವಿತ್ ಎ ಪರ್ಪಸ್' ಸೇರಿದ್ದು 1972ರಲ್ಲಿ. ನನಗೆ ಬೇಕಿರುವುದು ಮೈಕು. ಟೀಚರ್ ಹೇಳಿದರೆ ಹತ್ತು ಜನ ಕೇಳುತ್ತಾರೆ. ಹೆಗಲಿಗೆ ಸ್ಪರ್ಧೆಯ ಪಟ್ಟಿ ಹಾಕಿಕೊಂಡು ಹೇಳಿದರೆ ಇನ್ನೂ ನಾಲ್ಕು ಜನ ಸ್ವಯಂಸೇವಕರು ಸಿಗಬಹುದು ಅನ್ನುವ ಆಸೆ.

ಈ ವಾರದ ತಲೆನೋವು ಬೇರೆ. ಸೇವೆಗೆ ಪುರಾವೆಯಾಗಿ ಮಕ್ಕಳ ಜೊತೆಗಿನ ಫೋಟೊ ಕಳಿಸಿ ಅಂತ ಫಾರಂನಲ್ಲಿದೆ. ಅದಕ್ಕೂ ಅಂಕ ಉಂಟು. ಶನಿವಾರ ಫೋನ್ ತೆಗೆದೆ. ಹದಿಮೂರು ಮಕ್ಕಳು ಓಡಿ ಬಂದು ಹಲ್ಲು ಬಿಟ್ಟರು. ಒಬ್ಬಳು ಮಾತ್ರ ಪುಸ್ತಕದಿಂದ ಮುಖ ಮುಚ್ಚಿಕೊಂಡಳು. ನಾನು, ನಾಚಿಕೆ ಕೆಟ್ಟವಳು, ಆದರೂ ಒಂದು ಕ್ಲಿಕ್ ಮಾಡಿದೆ.

ರಾತ್ರಿ ಸಂದರ್ಶನಕ್ಕೆ ಓದಲು ಕೂತೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ, 1989ರ ನವೆಂಬರ್ 20ರದ್ದು, 54 ವಿಧಿಗಳು. 12ನೇ ವಿಧಿ, ಮಗುವಿಗೆ ಸಂಬಂಧಪಟ್ಟ ವಿಷಯದಲ್ಲಿ ಅದರ ಅಭಿಪ್ರಾಯಕ್ಕೆ ಬೆಲೆ ಕೊಡಬೇಕು ಅನ್ನುತ್ತದೆ. 16ನೇ ವಿಧಿ ಮಗುವಿನ ಖಾಸಗಿತನದ್ದು. ವೇದಿಕೆ ಮೇಲೆ ಹೇಳಲು ಎರಡನ್ನೂ ಬಾಯಿಪಾಠ ಮಾಡುತ್ತಿದ್ದೆ. ಪಕ್ಕದಲ್ಲೇ ಫೋನು, ಅದರಲ್ಲಿ ಆ ಫೋಟೊ.

ಅಳಿಸಿದೆ. ಉಳಿದ ಹದಿಮೂರು ಮುಖಗಳದ್ದನ್ನೂ ಅಳಿಸಿದೆ. ಅವರು ಒಪ್ಪಿದ್ದು ನನ್ನ ಫೋನಿಗೆ, ಅಪರಿಚಿತ ತೀರ್ಪುಗಾರರ ಫೈಲಿಗಲ್ಲ. ಮನೆಯವರನ್ನಂತೂ ನಾನು ಕೇಳಿಯೇ ಇರಲಿಲ್ಲ. ಬದಲಿಗೆ ಹೆಸರು ಮುಚ್ಚಿದ ಹಾಜರಿ ಪುಟ, ಮೂಲೆ ಸವೆದ ಪುಸ್ತಕಗಳ ಚಿತ್ರ, ಜೊತೆ ಸ್ವಯಂಸೇವಕರ ಪತ್ರ ಕಳಿಸಿದ್ದೇನೆ. ಫೋಟೊ ಯಾಕಿಲ್ಲ ಅಂತ ನಾಲ್ಕು ಸಾಲೂ ಬರೆದಿದ್ದೇನೆ.

ಆಯೋಜಕರ ಉತ್ತರ ಇನ್ನೂ ಬಂದಿಲ್ಲ. ಅಂಕ ಹೋದರೂ ಹೋಗಬಹುದು. ಈ ವಾರ ಪರಿಚಯದ ಮಾತಿನಿಂದ ನಾಲ್ಕು ಸೆಕೆಂಡು ಕತ್ತರಿಸಬೇಕು. ಬಲಗಾಲಿನ ಹೀಲ್ ತುದಿ ಬೇರೆ ಕಿತ್ತು ಬಂದಿದೆ, ಮೊದಲು ಅದನ್ನು ರಿಪೇರಿ ಮಾಡಿಸಬೇಕು.