ಬ್ಯಾಕ್‌ಗ್ರೌಂಡ್‌ನಲ್ಲಿ ಉಳಿದಿದ್ದ ಸುದ್ದಿ

ನಮ್ಮ ಎಂ.ಎಸ್ಸಿ. ಲ್ಯಾಬ್‌ನಲ್ಲಿ ಒಂದು ಹಳೆಯ ಎಕ್ಸ್-ರೇ ಯಂತ್ರವಿತ್ತು. ಉಪ್ಪಿನ ಪುಡಿ ಇಟ್ಟು ಅದರಿಂದ ಚದುರುವ ಎಕ್ಸ್-ರೇಯ ಗ್ರಾಫ್ ತೆಗೆಯುವುದು, ಶಿಖರಗಳನ್ನು ಗುರುತಿಸಿ, ಪರಮಾಣು ಸಾಲುಗಳ ನಡುವಿನ ಅಂತರ ಹೇಳುವ ಬ್ರ್ಯಾಗ್ ಸೂತ್ರಕ್ಕೆ ಹಾಕುವುದು, ರೆಕಾರ್ಡ್ ಬುಕ್‌ಗೆ ಸಹಿ ಹಾಕಿಸಿಕೊಳ್ಳುವುದು. ಶಿಖರಗಳ ನಡುವೆ ತೆಳ್ಳಗೆ ಕಾಣುತ್ತಿದ್ದುದನ್ನೆಲ್ಲ ‘ಬ್ಯಾಕ್‌ಗ್ರೌಂಡ್’ ಅಂತ ಲೆಕ್ಕದಿಂದ ಕಳೆದುಬಿಡುತ್ತಿದ್ದೆವು. ಒಬ್ಬ ಮೇಷ್ಟ್ರು ಮಾತ್ರ “ಕಳೀರಿ, ಆದ್ರೆ ಎಸೀಬೇಡಿ” ಅನ್ನುತ್ತಿದ್ದರು. ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಈಗ ನನ್ನ ಕೆಲಸವೆಲ್ಲ ಆ ಬ್ಯಾಕ್‌ಗ್ರೌಂಡ್‌ನಲ್ಲೇ.

ಶಿಖರ ಹೇಳುವುದು ಪರಮಾಣುಗಳ ಸರಾಸರಿ ಜಾಗವನ್ನು. ಯಾವುದು ಸಾಲು ಬಿಟ್ಟು ಸರಿದಿದೆ, ಯಾವುದು ಜಾಸ್ತಿ ಅಲುಗಾಡುತ್ತಿದೆ ಅನ್ನುವ ಸುದ್ದಿ ನಡುವಿನ ಮಸುಕಿನಲ್ಲಿರುತ್ತದೆ.

ವೆನೇಡಿಯಂ ಡೈಆಕ್ಸೈಡ್ ನೋಡಿ. ಸುಮಾರು 68 ಡಿಗ್ರಿ ಸೆಲ್ಸಿಯಸ್ ದಾಟಿದರೆ ಈ ಅವಾಹಕ ಲೋಹದಂತಾಗುತ್ತದೆ. ತಣ್ಣಗಿದ್ದಾಗ ಜೋಡಿ ಜೋಡಿಯಾಗಿರುವ ವೆನೇಡಿಯಂ ಪರಮಾಣುಗಳು ಆಗ ಬಿಡಿಬಿಡಿಯಾಗುತ್ತವೆ. ಲೇಸರ್ ಮಿಂಚಿಗೂ ಹೀಗೇ ಆಗುತ್ತದೆ. ಹೇಗೆ ಬಿಡಿಯಾಗುತ್ತವೆ? ಕವಾಯತಿನ ಸಾಲಿನಂತೆ ಒಟ್ಟಿಗೆ ಹೆಜ್ಜೆ ಹಾಕುತ್ತವೆ ಅಂತಲೇ ತುಂಬಾ ಜನ ನಂಬಿದ್ದರು.

ನೋಡುವ ಉಪಾಯ ಸರಳ: ಮೊದಲು ಲೇಸರ್ ಏಟು, ಸ್ವಲ್ಪ ತಡೆದು ಎಕ್ಸ್-ರೇ ಚಿತ್ರ. ತಡೆಯುವ ಹೊತ್ತನ್ನು ಬದಲಿಸುತ್ತ ಚಿತ್ರಗಳನ್ನು ಜೋಡಿಸಬೇಕು. ಎಲೆಕ್ಟ್ರಾನ್‌ಗಳನ್ನು ಸುತ್ತಿಸಿ ಎಕ್ಸ್-ರೇ ಹೊರಡಿಸುವ ಸಿಂಕ್ರೊಟ್ರಾನ್ ಯಂತ್ರದ ಮಿಡಿತ ಸಾಮಾನ್ಯವಾಗಿ ಹತ್ತಾರು ಪಿಕೊಸೆಕೆಂಡ್ ಉದ್ದ. ಪಿಕೊಸೆಕೆಂಡ್ ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಅಷ್ಟರಲ್ಲಿ ಆಟವೇ ಮುಗಿದಿರುತ್ತದೆ. ಅದಕ್ಕೇ ಇನ್ನೂ ಚಿಕ್ಕ ಮಿಡಿತದ ಎಕ್ಸ್-ರೇ ಫ್ರೀ ಎಲೆಕ್ಟ್ರಾನ್ ಲೇಸರ್ ಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2009ರಲ್ಲಿ ಶುರುವಾದ ಇಂಥದೊಂದು ಯಂತ್ರ ಎಲ್‌ಸಿಎಲ್‌ಎಸ್‌ನ ಮಿಡಿತ ಹತ್ತಾರು ಫೆಮ್ಟೊಸೆಕೆಂಡ್ ಅಷ್ಟೇ. ಒಂದು ಫೆಮ್ಟೊಸೆಕೆಂಡ್ ಅಂದರೆ ಸೆಕೆಂಡಿನ ಸಾವಿರ ಲಕ್ಷ ಕೋಟಿಯಲ್ಲಿ ಒಂದು ಪಾಲು. ಅಲ್ಲಿ ಸಿಕ್ಕ ಉತ್ತರ 2018ರಲ್ಲಿ ಪ್ರಕಟವಾಯಿತು: ಪರಮಾಣುಗಳು ಒಟ್ಟಿಗೆ ಹೋಗಲಿಲ್ಲ, ಒಂದೊಂದೂ ತನ್ನ ಪಾಡಿಗೆ ದಿಕ್ಕೆಟ್ಟು ಸರಿದಿದ್ದವು. ಸಾಕ್ಷಿ ಹೇಳಿದ್ದು ಆ ಮಸುಕೇ.

ಪ್ರಯೋಗಾಲಯದ ದಿನಚರಿಯಲ್ಲಿ ಇಂಥ ರೋಚಕತೆ ಕಡಿಮೆ. ಅರ್ಜಿ ಹಾಕಿ ಕಾಯಬೇಕು. ಬೀಮ್‌ಟೈಮ್ (ಯಂತ್ರ ಬಳಸಲು ಕೊಡುವ ಸಮಯ) ಸಿಕ್ಕರೆ ಕೆಲವೇ ದಿನ, ರಾತ್ರಿ ಪಾಳಿ ಬೇರೆ. ಕೂದಲೆಳೆಗಿಂತ ಸಣ್ಣ ಜಾಗದಲ್ಲಿ ಲೇಸರ್ರೂ ಎಕ್ಸ್-ರೇಯೂ ಒಂದೇ ಕ್ಷಣಕ್ಕೆ ಬಂದು ಬೀಳಬೇಕು. ಆ ‘ಟೈಮ್ ಜೀರೋ’ ಹುಡುಕುವುದರಲ್ಲೇ ಅರ್ಧ ಪಾಳಿ ಕಳೆಯುತ್ತದೆ. ಸ್ಕ್ರೀನ್ ಮೇಲೆ ಚುಕ್ಕೆಗಳು (ಗ್ರಾಫ್‌ನ ಶಿಖರಗಳೇ ಇಲ್ಲಿ ಚುಕ್ಕೆ) ಹಾಗೇ ಇರುತ್ತವೆ, ಎಲ್ಲರೂ ಆಕಳಿಸುತ್ತಿರುತ್ತಾರೆ. ಆಮೇಲೆ ಒಂದು ಚುಕ್ಕೆ ಚೂರು ಮಂಕಾಗುತ್ತದೆ, ಪಕ್ಕದ ಮಸುಕು ಅಷ್ಟೇ ಏರುತ್ತದೆ. ಆಗ ಯಾರಿಗೂ ನಿದ್ದೆ ಇರುವುದಿಲ್ಲ.

ಈಗ ಓದುತ್ತಿರುವವರು ಪರೀಕ್ಷೆಗೆ ಅಂತ ಫೊರಿಯರ್ ಪರಿವರ್ತನೆಯನ್ನು, ಅಂದರೆ ಇಂಥ ಚಿತ್ರಗಳಿಂದ ಪರಮಾಣುಗಳ ಜಾಗ ಹುಡುಕಲು ಬಳಸುವ ಗಣಿತವನ್ನು, ಬಾಯಿಪಾಠ ಮಾಡ್ತಿದ್ದೀರಿ, ಅಲ್ವಾ? ಜೊತೆಗೆ ಒಂದಿಷ್ಟು ಪೈಥಾನ್ ಪ್ರೋಗ್ರಾಮಿಂಗ್ ಕಲಿತುಕೊಳ್ಳಿ. ಕೆಲವು ದಿನದ ಡೇಟಾ ಬಿಡಿಸಲು ವರ್ಷಗಟ್ಟಲೆ ಕೂರಬೇಕಾಗುತ್ತದೆ.