ಬೀಜಕ್ಕೂ ಜಾಡಿಗೂ ಒಂದೇ ಹಣ್ಣು

ಟೊಮೆಟೊವನ್ನು ಒಣಗಿಸಲೋ ಕುದಿಸಿ ಗಟ್ಟಿ ಮಾಡಲೋ ಕತ್ತರಿಸುವಾಗ ಒಳಗಿನ ಲೋಳೆಯನ್ನು ಬೀಜಸಮೇತ ತೆಗೆದು ಚೆಲ್ಲುವುದು ವಾಡಿಕೆ. ನಾನೂ ಹಲವು ವರ್ಷ ಹಾಗೆಯೇ ಮಾಡಿದೆ. ಮುಂದಿನ ವರ್ಷ ಬಿತ್ತಬೇಕಾದದ್ದೆಲ್ಲ ಆ ಲೋಳೆಯಲ್ಲೇ ಇದೆ ಎಂಬುದು ಮನಸ್ಸಿಗೆ ಹೊಳೆದ ಮೇಲೆ, ಬೀಜ ಎತ್ತಿಡುವುದನ್ನೂ ಹಣ್ಣು ಕಾಪಿಡುವುದನ್ನೂ ಒಂದೇ ದಿನ, ಒಂದೇ ಮಣೆಯ ಮುಂದೆ ಕುಳಿತು ಮುಗಿಸುತ್ತಿದ್ದೇನೆ.

ಮೊದಲ ಸಲ ಬೀಜ ತೆಗೆದಾಗ ತಳಿಯ ಕಡೆಗೆ ಗಮನವನ್ನೇ ಕೊಟ್ಟಿರಲಿಲ್ಲ. ಹೈಬ್ರಿಡ್ ಗಿಡದ ಹಣ್ಣಿನಿಂದ ತೆಗೆದ ಆ ಬೀಜ ಚೆನ್ನಾಗಿಯೇ ಮೊಳೆಯಿತು, ಆದರೆ ಬಂದ ಗಿಡಗಳಲ್ಲಿ ಒಂದರಂತೆ ಒಂದು ಇರಲಿಲ್ಲ. ಒಂದರಲ್ಲಿ ಉದ್ದನೆಯ ಕಾಯಿ, ಇನ್ನೊಂದರಲ್ಲಿ ಗುಂಡನೆಯದು, ಮತ್ತೊಂದರಲ್ಲಿ ರುಚಿಯೇ ಇಲ್ಲದ ಸಣ್ಣ ಕಾಯಿ. ಎರಡು ತಳಿಗಳನ್ನು ಕೂಡಿಸಿ ಪಡೆದ ಗುಣಗಳು ಮರುಪೀಳಿಗೆಯಲ್ಲಿ ಹೀಗೆ ಚದುರಿಹೋಗುತ್ತವೆ. ಆದ್ದರಿಂದ ತನ್ನಂತೆಯೇ ಸಂತತಿ ಕೊಡುವ ನಾಟಿ ತಳಿಯನ್ನೇ ಆರಿಸಿಕೊಳ್ಳಬೇಕು. ಟೊಮೆಟೊ ಹೂವಿನಲ್ಲಿ ಗಂಡುಭಾಗವೂ ಹೆಣ್ಣುಭಾಗವೂ ಒಟ್ಟಿಗೇ ಇದ್ದು ಪರಾಗಸ್ಪರ್ಶ ಬಹುಪಾಲು ಅಲ್ಲಿಯೇ ನಡೆದುಹೋಗುವುದರಿಂದ ತಳಿ ಸುಲಭವಾಗಿ ಬೆರೆಯುವುದಿಲ್ಲ. ಹಾಗಿದ್ದರೂ ಅಕ್ಕಪಕ್ಕದಲ್ಲಿ ಬೇರೆ ತಳಿಗಳಿದ್ದರೆ, ಅರಳುವ ಮುನ್ನವೇ ಹೂಗೊಂಚಲಿಗೆ ತೆಳುಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಿದರೆ ಸಂದೇಹಕ್ಕೆ ಎಡೆಯಿರುವುದಿಲ್ಲ.

ಬೀಜಕ್ಕೆ ಅಂದವಾದ ಹಣ್ಣನ್ನಲ್ಲ, ಒಳ್ಳೆಯ ಗಿಡವನ್ನು ಹುಡುಕಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ರೋಗಕ್ಕೆ ಜಗ್ಗದೆ ಋತುವಿನ ಉದ್ದಕ್ಕೂ ಕಾಯಿ ಕೊಟ್ಟ ಎರಡು ಮೂರು ಗಿಡಗಳಿಗೆ ಬಣ್ಣದ ದಾರ ಕಟ್ಟಿ, ಅವುಗಳ ಹಣ್ಣು ಗಿಡದಲ್ಲೇ ಪೂರ್ತಿ ಮಾಗುವವರೆಗೆ ಯಾರೂ ಮುಟ್ಟದಂತೆ ನೋಡಿಕೊಳ್ಳುತ್ತೇನೆ. ಎಲೆ ಮುರುಟಿ ಮಚ್ಚೆಗಟ್ಟಿದ ಗಿಡ ಎಷ್ಟೇ ಫಲ ಕೊಟ್ಟಿದ್ದರೂ ಅದರ ಬೀಜ ಬೇಡ, ಮೊಸಾಯಿಕ್ ವೈರಸ್ ಬೀಜದ ಮೈಗಂಟಿಕೊಂಡು ಮುಂದಿನ ಬೆಳೆಗೂ ಹೋಗಬಲ್ಲದು.

ಲೋಳೆಯನ್ನು ಗಾಜಿನ ಲೋಟಕ್ಕೆ ಹಾಕಿ, ಸ್ವಲ್ಪ ನೀರು ಬೆರೆಸಿ, ಬಟ್ಟೆ ಮುಚ್ಚಿ ಬೆಚ್ಚಗಿನ ಜಾಗದಲ್ಲಿ ಎರಡರಿಂದ ನಾಲ್ಕು ದಿನ ಹುಳಿಯಲು ಬಿಡಬೇಕು. ಹಣ್ಣಿನೊಳಗಿನ ಬೀಜ ಅಲ್ಲಿಯೇ ಮೊಳೆಯದಂತೆ ತಡೆಯುವ ಅಂಶಗಳು ಈ ಲೋಳೆಯಲ್ಲಿರುತ್ತವೆ, ಹುಳಿತ ಅದನ್ನು ಕರಗಿಸುತ್ತದೆ. ಎರಡನೆಯ ದಿನದ ಹೊತ್ತಿಗೆ ಮೇಲೆ ಬಿಳಿಯ ಕೆನೆಯಂಥ ಪೊರೆ ಕಟ್ಟಿ, ಮೂಗಿಗೆ ಹಿತವಲ್ಲದ ವಾಸನೆ ಬರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ದಿನಕ್ಕೊಮ್ಮೆ ಕಲಕುತ್ತಿದ್ದರೆ ಜಾರುತ್ತಿದ್ದ ಬೀಜಗಳು ಒಂದೊಂದಾಗಿ ಲೋಳೆ ಬಿಟ್ಟು ತಳಕ್ಕಿಳಿಯುವುದು ಗಾಜಿನ ಹೊರಗಿನಿಂದಲೇ ಕಾಣುತ್ತದೆ. ನಾಲ್ಕು ದಿನ ಮೀರಿದರೆ ಅಲ್ಲಿಯೇ ಮೊಳೆಯತೊಡಗಬಹುದಾದ್ದರಿಂದ ತಡಮಾಡದೆ ನೀರು ತುಂಬಿ, ತೇಲಿದ ಜೊಳ್ಳನ್ನು ಬಸಿದು, ತಿಳಿನೀರು ಬರುವವರೆಗೆ ತೊಳೆಯಬೇಕು. ಒಮ್ಮೆ ಕಾಗದದ ಮೇಲೆ ಒಣಹಾಕಿ, ಅಂಟಿಕೊಂಡ ಬೀಜವನ್ನು ಬಿಡಿಸಲಾರದೆ ಕಷ್ಟಪಟ್ಟ ಮೇಲೆ ನಾನು ಪಿಂಗಾಣಿ ತಟ್ಟೆಯನ್ನೇ ಬಳಸುತ್ತೇನೆ. ನೆರಳಿನಲ್ಲಿ ಚೆನ್ನಾಗಿ ಒಣಗಿದ ಬೀಜದ ಮೈಮೇಲೆ ಬೂದುಬಣ್ಣದ ನವಿರಾದ ರೋಮ ಎದ್ದು ಬೆರಳಿಗೆ ಮಖಮಲ್ಲಿನಂತೆ ಹತ್ತುತ್ತದೆ. ತೇವ ತಾಗದ ತಂಪು ಜಾಗದಲ್ಲಿಟ್ಟರೆ ಅದು ನಾಲ್ಕೈದು ವರ್ಷ ಹಾಳಾಗದೆ ಇರುತ್ತದೆ.

ಬಿತ್ತನೆಯಲ್ಲಿ ವಿಶೇಷವೇನಿಲ್ಲ. ಅರ್ಧ ಸೆಂಟಿಮೀಟರ್ ಆಳದಲ್ಲಿ ಊರಿದ ಬೀಜ 21ರಿಂದ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಐದರಿಂದ ಹತ್ತು ದಿನಗಳಲ್ಲಿ ಮೊಳೆಯುತ್ತದೆ, ಆರರಿಂದ ಎಂಟು ವಾರಗಳಲ್ಲಿ ಸಸಿ ನಾಟಿಗೆ ಸಿದ್ಧವಾಗುತ್ತದೆ. ನಾಟಿಯಲ್ಲಿ ಕೆಳಗಿನ ಎಲೆಗಳನ್ನು ಚಿವುಟಿ ಕಾಂಡವನ್ನು ಆಳವಾಗಿ ಹೂಳಿದರೆ ಮಣ್ಣು ತಾಗಿದಲ್ಲೆಲ್ಲ ಹೊಸ ಬೇರೊಡೆದು ಗಿಡ ಬಲವಾಗಿ ನಿಲ್ಲುತ್ತದೆ. ನೀರನ್ನು ಮಾತ್ರ ಒಂದೇ ಸಮನಾಗಿ ಕೊಡಬೇಕು. ಒಮ್ಮೆ ಒಣಗಿಸಿ ಇನ್ನೊಮ್ಮೆ ತೋಯಿಸಿದರೆ ಕಾಯಿಗೆ ಸುಣ್ಣದಂಶ ಸರಿಯಾಗಿ ತಲುಪದೆ ಅದರ ತುದಿ ಕಪ್ಪಾಗಿ ಕೊಳೆಯುತ್ತದೆ.

ಇನ್ನು ಕಾಪಿಡುವ ಮಾತು. ಇಲ್ಲಿ ನಾನು ಅಂದಾಜನ್ನು ನೆಚ್ಚುವುದಿಲ್ಲ. ಟೊಮೆಟೊ ಹುಳಿಯೆಂದು ನಾಲಿಗೆ ಹೇಳಿದರೂ ಅದರ ಪಿಎಚ್ ಅಂಕ 4.6ರ ಆಚೀಚೆ ಓಲಾಡುತ್ತಿರುತ್ತದೆ, ಹುಳಿ ಕಡಿಮೆಯಾಗಿ ಆ ಅಂಕ 4.6ಕ್ಕಿಂತ ಮೇಲೇರಿದರೆ ಗಾಳಿಯಾಡದ ಜಾಡಿಯೊಳಗೆ ಬಾಟುಲಿಸಂ ವಿಷವನ್ನುಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯಬಹುದು. ಆದ್ದರಿಂದ ಅರ್ಧ ಲೀಟರಿನ ಪ್ರತಿ ಜಾಡಿಗೂ ಕಾಲು ಟೀ ಚಮಚ ಸಿಟ್ರಿಕ್ ಆಮ್ಲವನ್ನೋ ಒಂದು ದೊಡ್ಡ ಚಮಚ ಬಾಟಲಿಯ ನಿಂಬೆರಸವನ್ನೋ ತಪ್ಪದೆ ಹಾಕುತ್ತೇನೆ. ಆಗತಾನೆ ಹಿಂಡಿದ ನಿಂಬೆರಸದ ಹುಳಿ ಹಣ್ಣಿನಿಂದ ಹಣ್ಣಿಗೆ ಬದಲಾಗುವುದರಿಂದ ಅದನ್ನು ಬಳಸುವುದಿಲ್ಲ. ಹಣ್ಣನ್ನು ಅರ್ಧದಿಂದ ಒಂದು ನಿಮಿಷ ಕುದಿನೀರಿನಲ್ಲಿಟ್ಟು ತಣ್ಣೀರಿಗೆ ಹಾಕಿದರೆ ಸಿಪ್ಪೆ ತಾನಾಗಿ ಬಿಡುತ್ತದೆ. ಜಜ್ಜಿ ಕುದಿಸಿದ್ದನ್ನು ಬಿಸಿಯಾಗಿಯೇ ತುಂಬಿ, ಮುಚ್ಚಳ ಹಾಕಿ, ಜಾಡಿ ಮುಳುಗುವಷ್ಟು ಕುದಿನೀರಿನಲ್ಲಿ 35 ನಿಮಿಷ ಇಡಬೇಕು. ಸಮುದ್ರಮಟ್ಟದಿಂದ 300 ಮೀಟರಿಗಿಂತ ಎತ್ತರದಲ್ಲಿರುವವರು 40 ನಿಮಿಷ, 900 ಮೀಟರ್ ದಾಟಿದವರು 45 ನಿಮಿಷ, 1,800 ಮೀಟರನ್ನೂ ದಾಟಿದವರು 50 ನಿಮಿಷ ಇಡಬೇಕು, ಏಕೆಂದರೆ ಎತ್ತರ ಹೆಚ್ಚಿದಷ್ಟೂ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಈರುಳ್ಳಿ, ಎಣ್ಣೆ ಮುಂತಾದವನ್ನು ಜಾಡಿ ತೆರೆದ ಮೇಲೆ ಸೇರಿಸಿಕೊಂಡರಾಯಿತು.

ಒಣಗಿಸುವುದಾದರೆ ಸೀಳಿದ ಹಣ್ಣನ್ನು ಸುಮಾರು 60 ಡಿಗ್ರಿಯಲ್ಲಿ ಚರ್ಮದಂತೆ ಬಾಗುವವರೆಗೆ ಇಡಬೇಕು. ತೂಕದ ನೂರರಲ್ಲಿ ಸುಮಾರು 94 ಭಾಗ ನೀರೇ ಆದ್ದರಿಂದ ಬುಟ್ಟಿ ತುಂಬ ಹಣ್ಣು ಒಂದು ಡಬ್ಬಿಗಿಳಿಯುತ್ತದೆ. ಬಿಡುವಿಲ್ಲದ ದಿನ ಇಡೀ ಹಣ್ಣನ್ನೇ ಫ್ರೀಜರಿಗೆ ಹಾಕಬಹುದು, ಕರಗುವಾಗ ಸಿಪ್ಪೆ ಸುಲಭವಾಗಿ ಕಳಚಿಕೊಳ್ಳುತ್ತದೆ.

ಕೊನೆಯ ಜಾಡಿ ಆರುವಷ್ಟರಲ್ಲಿ ಕತ್ತಲಾಗಿರುತ್ತದೆ. ಮುಚ್ಚಳದ ನಡುಭಾಗ ಒಳಕ್ಕೆ ಎಳೆದುಕೊಂಡಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿ, ತಳಿಯ ಹೆಸರನ್ನೂ ವರ್ಷವನ್ನೂ ಪ್ರತಿ ಜಾಡಿಯ ಮೇಲೆ ಬರೆಯುತ್ತೇನೆ. ಅದೇ ಹೆಸರನ್ನು ಒಂದು ಚೀಟಿಯ ಮೇಲೆ ಬರೆದು, ಕಿಟಕಿಯ ಬಳಿ ಹುಳಿಯಲು ಇಟ್ಟ ಲೋಟದ ಅಡಿಗೂ ಸಿಕ್ಕಿಸುತ್ತೇನೆ.