ಸಂಜೆ ನಾಲ್ಕರ ಬಿಸಿಲು

ಡಿಸೆಂಬರ್ ತಿಂಗಳ ಆ ಸಂಜೆ ನಾಲ್ಕು ದಾಟುತ್ತಿದ್ದಂತೆ ತಿರಸ್ಕೃತ ಪೀಸ್‌ಗಳು ಬೀಳುವ ರೆಡ್ ಬಿನ್ ತುಂಬತೊಡಗಿತು. ಗಂಟೆಗೆ ಎರಡೋ ಮೂರೋ ಬೀಳುತ್ತಿದ್ದ ಎನ್‌ಜಿ ('ನೋ ಗುಡ್', ಅಂದರೆ ತಪಾಸಣೆಯ ಕ್ಯಾಮೆರಾ ದೋಷವಿದೆ ಎಂದ ಪೀಸ್), ಹತ್ತು ನಿಮಿಷದಲ್ಲಿ ಇಪ್ಪತ್ತಾಯಿತು. ಆರಕ್ಕೆ ಹೊರಡಬೇಕಿದ್ದ ಹೊಸೂರಿನ ಲಾರಿ ಗೇಟಿನೊಳಗೆ ನಿಂತಿತ್ತು. ಪ್ರೊಡಕ್ಷನ್ ಮ್ಯಾನೇಜರ್ ನನ್ನ ಬೆನ್ನ ಹಿಂದೆ ನಿಂತಿದ್ದರು.

ಪೀಣ್ಯದ ನಮ್ಮ ಘಟಕದಲ್ಲಿ ಅಲ್ಯೂಮಿನಿಯಂ ಪಂಪ್ ಹೌಸಿಂಗ್‌ಗಳಿಗೆ ಮೆಷಿನಿಂಗ್ ಮಾಡುತ್ತೇವೆ. ಸೋರಿಕೆ ತಡೆಯುವ ಗ್ಯಾಸ್ಕೆಟ್ ಕೂರುವ ಮುಖದಲ್ಲಿ ಸೂಜಿಮೊನೆಯಷ್ಟು ರಂಧ್ರವಿದ್ದರೂ ಎಣ್ಣೆ ಸೋರಬಹುದು. ಅದನ್ನು ಹಿಡಿಯಲೆಂದೇ ಮೇ ತಿಂಗಳಲ್ಲಿ ಕನ್ವೇಯರ್ ಮೇಲೆ ಕ್ಯಾಮೆರಾ ಕೂರಿಸಿದ್ದೆವು. ಅಡ್ಡಕ್ಕೆ 2448 ಪಿಕ್ಸೆಲ್, ನೋಟದ ಅಗಲ 60 ಮಿ.ಮೀ.; 0.2 ಮಿ.ಮೀ. ರಂಧ್ರವೂ ಎಂಟು ಪಿಕ್ಸೆಲ್ ಅಗಲಕ್ಕೆ ಕಾಣುತ್ತದೆ. ಕೆಂಪು ರಿಂಗ್ ಲೈಟನ್ನು ತಗ್ಗಿಸಿ ಓರೆಯಾಗಿ ಬೆಳಕು ಬಿಟ್ಟರೆ ನಯವಾದ ಮುಖ ಕಪ್ಪಾಗಿಯೇ ಉಳಿದು, ರಂಧ್ರದ ಅಂಚು ಮಾತ್ರ ಬೆಳ್ಳಗೆ ಹೊಳೆಯುತ್ತದೆ.

ಅಂದು ಪರದೆಯ ಮೇಲೆ ಮೆಷಿನಿಂಗ್‌ನಲ್ಲಿ ಉಳಿಯುವ ಕಟರ್ ಗೆರೆಗಳೂ ಬೆಳ್ಳಗೆ ಹೊಳೆಯುತ್ತಿದ್ದವು. ಬಿನ್‌ನಿಂದ ಎರಡು ಪೀಸ್ ಎತ್ತಿ ಲೆನ್ಸ್ ಹಿಡಿದು ನೋಡಿದೆ, ಎರಡೂ ಚೆನ್ನಾಗಿದ್ದವು. ತೊಳೆದ ಮೇಲೂ ಎಣ್ಣೆಯ ಪದರ ಉಳಿದಿರಬೇಕು ಎಂದುಕೊಂಡೆ. "ಲೈನ್ ನಿಲ್ಲಿಸುವುದು ಬೇಡ, ಏನಾದರೂ ಮಾಡಿ" ಎಂದರು ಮ್ಯಾನೇಜರ್. ಹೊಳಪು ಎಷ್ಟು ದಾಟಿದರೆ ದೋಷವೆಂದು ಎಣಿಸಬೇಕೆಂಬ ಮಿತಿಯನ್ನು, ಅಂದರೆ ಥ್ರೆಶೋಲ್ಡನ್ನು, 90ರಿಂದ 130ಕ್ಕೆ ಏರಿಸಿದೆ. ಎನ್‌ಜಿ ತಕ್ಷಣ ನಿಂತಿತು. ಎಲ್ಲರಿಗೂ ಉಸಿರು ಬಂತು, ನನಗೂ. ದೋಷವಿದೆಯೆಂದು ಮೊದಲೇ ಗೊತ್ತಿರುವ ಎನ್‌ಜಿ ಮಾಸ್ಟರ್ ಪೀಸನ್ನು ಒಮ್ಮೆ ಓಡಿಸಿ ನೋಡಬೇಕೆಂಬುದು ನನಗೆ ಗೊತ್ತಿತ್ತು. ನಾಲ್ಕು ನಿಮಿಷದ ಕೆಲಸ. ಮಾಡಲಿಲ್ಲ.

ಐದಕ್ಕೆ ಬಿಸಿಲು ಹೋಯಿತು. 130 ಮಾತ್ರ ರಾತ್ರಿಯಿಡೀ ಹಾಗೆಯೇ ಉಳಿಯಿತು.

ಮೂರನೆಯ ದಿನ ಗ್ರಾಹಕರ ಲೀಕ್ ಟೆಸ್ಟ್‌ನಲ್ಲಿ ಮೂರು ಹೌಸಿಂಗ್‌ಗಳು ಸೋರಿದವು. ಅವರ ಗೋದಾಮಿನಲ್ಲಿ ನಾವು ನಾಲ್ವರು ಎರಡು ದಿನ ಕೂತು 1,840 ಪೀಸ್‌ಗಳನ್ನು ಒಂದೊಂದಾಗಿ ಲೆನ್ಸ್ ಹಿಡಿದು ನೋಡಿದೆವು. ಇನ್ನೂ ಹನ್ನೊಂದು ಸಿಕ್ಕವು. ಆ ಹನ್ನೊಂದನ್ನೂ 90 ಹಿಡಿಯುತ್ತಿತ್ತು.

ಕಾರಣ ಹೇಳಿದವರು ಪ್ಯಾಕಿಂಗ್‌ನಲ್ಲಿರುವ ಅಕ್ಕ. "ಒಂದು ವಾರದಿಂದ ಆ ಕಿಟಕಿಯ ಬಿಸಿಲು ದಿನಕ್ಕಿಷ್ಟು ಬೆಲ್ಟಿನ ಕಡೆಗೆ ಸರಿಯುತ್ತಿತ್ತು ಸರ್. ಅಂದು ಕ್ಯಾಮೆರಾ ಕೆಳಗೇ ಬಿದ್ದಿತ್ತು. ನೀವು ಪರದೆಯನ್ನೇ ನೋಡುತ್ತಿದ್ದಿರಿ." ದಕ್ಷಿಣ ಗೋಡೆಯ ಮೇಲ್ಗಿಂಡಿ ಅದು. ಮೇ ತಿಂಗಳಲ್ಲಿ ಸೂರ್ಯ ಉತ್ತರಕ್ಕೆ ವಾಲಿರುವುದರಿಂದ ಅಲ್ಲಿ ಬಿಸಿಲೇ ಬೀಳುವುದಿಲ್ಲ. ದಕ್ಷಿಣಾಯನದ ಕೊನೆಗೆ ಸಂಜೆಯ ಬಿಸಿಲು ನೇರ ಒಳಗೆ ಬರುತ್ತದೆ. ಕ್ಯಾಮೆರಾಗೆ ಕೆಂಪು ಬೆಳಕನ್ನಷ್ಟೇ ಒಳಬಿಡುವ ಫಿಲ್ಟರ್ ಇದೆಯಲ್ಲ ಎಂಬ ಧೈರ್ಯ ನನ್ನದಾಗಿತ್ತು. ಬಿಸಿಲಿನಲ್ಲೂ ಕೆಂಪು ಇದೆ, ಅದು ಫಿಲ್ಟರ್ ದಾಟಿ ಬರುತ್ತದೆ.

ಹೊರಗಿನ ಬೆಳಕು ತಡೆಯಲು ಕ್ಯಾಮೆರಾ ಸುತ್ತ ಹಾಕುವ ಹುಡ್ ನಮ್ಮ ಮೊದಲ ಪಟ್ಟಿಯಲ್ಲಿತ್ತು. ಲಕ್ಷಗಟ್ಟಲೆ ಕೊಟ್ಟು ಕ್ಯಾಮೆರಾ ಕೊಂಡವರು ತಗಡಿನ ಹುಡ್ಡನ್ನು ಖರ್ಚು ಉಳಿಸಲೆಂದು ಹೊಡೆದುಹಾಕಿದ್ದರು. ಅದರ ಬಗ್ಗೆ ನನಗೆ ಇಂದಿಗೂ ಸಿಟ್ಟಿದೆ. ಆದರೆ 130 ಒತ್ತಿದ ಬೆರಳು ನನ್ನದು.

ಈಗ ಕಪ್ಪು ಬಣ್ಣದ ಹುಡ್ ಬಂದಿದೆ. ಚಿತ್ರಕ್ಕೆ ಬೆಳಕು ತೆಗೆದುಕೊಳ್ಳುವ ಅವಧಿ, ಅಂದರೆ ಎಕ್ಸ್‌ಪೋಷರ್, 2000 ಮೈಕ್ರೋಸೆಕೆಂಡ್‌ನಿಂದ 300ಕ್ಕೆ ಇಳಿದಿದೆ, ಲೈಟು ಆ ಕ್ಷಣಕ್ಕಷ್ಟೇ ಮಿನುಗುವ ಸ್ಟ್ರೋಬ್ ಆಗಿದೆ. ಶಿಫ್ಟ್ ಆರಂಭದಲ್ಲಿ ಮತ್ತು ಯಾವುದೇ ಸಂಖ್ಯೆ ಬದಲಿಸಿದ ಕೂಡಲೇ ಎನ್‌ಜಿ ಮಾಸ್ಟರ್ ಓಡಬೇಕು. ಅದು ರೆಡ್ ಬಿನ್‌ಗೆ ಬೀಳುವವರೆಗೆ ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರಾದ ಪಿಎಲ್‌ಸಿ ಲೈನ್ ಓಡಲು ಬಿಡುವುದಿಲ್ಲ. ಆ ಹನ್ನೊಂದರಲ್ಲಿ ಒಂದಕ್ಕೆ ಕೆಂಪು ಬಣ್ಣ ಬಳಿದು ಮಾಸ್ಟರ್ ಮಾಡಿಕೊಂಡಿದ್ದೇವೆ.